ಲೈಟ್ ಆರಿಸುವ ಮರ್ಯಾದೆ

ವಿಮಾನಕ್ಕೆ ಕೈ ತೋರಿಸಿ ನಿಲ್ಲಿಸುವ ಮನುಷ್ಯನ ಜೊತೆ ಹದಿನೇಳು ವರ್ಷ ಸಂಸಾರ ಮಾಡಿದರೆ ನಗೆಪಾಟಲಿನ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಅವರು ಹೋದ ಮೇಲಾದರೂ ನಿಲ್ಲುತ್ತವೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ.

ಅವರು ಹೋದದ್ದು ಒಂದು ಬುಧವಾರ. ಹಲಸೂರಿನ ನಮ್ಮ ಶಾಲೆಯಲ್ಲಿ ಮೂರನೆಯ ಪೀರಿಯಡ್, ಆರನೆಯ ತರಗತಿ, ಭಿನ್ನರಾಶಿ. ಯಾವ ಟೀಚರಿಗೆ ಫೋನ್ ಬಂದರೂ ಅಟೆಂಡರನ್ನು ಕಳಿಸುವುದು ನಮ್ಮ ಹೆಡ್‌ಮಿಸ್ ರೂಢಿ. ಅವತ್ತು ಅವರೇ ಬಾಗಿಲಿಗೆ ಬಂದು ನಿಂತರು. ನಮ್ಮವರು ಬೆಳಗಿನ ಪಾಳಿ ಮುಗಿಸಿ ಏರ್‌ಪೋರ್ಟ್ ಕ್ಯಾಂಟೀನಿನಲ್ಲಿ ಇಡ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರಂತೆ, ಹಾಗೆಯೇ ಪಕ್ಕಕ್ಕೆ ವಾಲಿದರಂತೆ. ಎದೆನೋವು ಎಂದು ಒಂದು ದಿನವೂ ಹೇಳಿದವರಲ್ಲ.

ಅಂದು ನಸುಕಿನಲ್ಲಿ ಕೆಲಸಕ್ಕೆ ಹೊರಡುವಾಗ ಅವರು, "ಇವತ್ತು ನಮ್ಮ ಕ್ಯಾಪ್ಟನ್ ಬರ್ತಾನ" ಎಂದಿದ್ದರು. ನಾನು ಹಾಸಿಗೆಯಲ್ಲೇ ಮಗ್ಗುಲು ಬದಲಿಸಿ, "ನೀವು ಯಾರು ಅಂತ ಅವರಿಗೆ ಗೊತ್ತೂ ಇಲ್ಲ" ಎಂದೆ. ಅವರು ಬೂಟಿನ ದಾರ ಕಟ್ಟಿಕೊಂಡರು. ನಾನು ಅವರಿಗೆ ಆಡಿದ ಕೊನೆಯ ಮಾತು ಅದು. ಅದು ನಿಜವೋ ಅಲ್ಲವೋ ಎಂಬುದನ್ನು ನಾನು ತಿಳಿದುಕೊಳ್ಳಬೇಕಿತ್ತು. ಬೇರೆ ಯಾವುದೂ ಬೇಕಿರಲಿಲ್ಲ.

ಆದರೆ ಅದು ಅರ್ಥವಾಗಬೇಕಾದರೆ ಮೊದಲು ಲೈಟಿನ ಕಥೆಗಳನ್ನು ಹೇಳಬೇಕು.

ಟಾರ್ಚ್

ಮದುವೆಯಾಗಿ ಯಾದಗಿರಿ ಕಡೆಯಿಂದ ಬಂದು ವಿಮಾನಪುರದಲ್ಲಿ ಬಾಡಿಗೆ ಮನೆ ಹಿಡಿದ ಹೊಸತು. ಒಂದು ಸಂಜೆ ಕರೆಂಟ್ ಹೋಗಿತ್ತು. ಬಾಗಿಲು ತಟ್ಟಿದ ಸದ್ದಾಯಿತು, ಟಾರ್ಚ್ ಹಿಡಿದು ತೆರೆದೆ. ನಮ್ಮವರು ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ಕಣ್ಣು ಮುಚ್ಚಿಕೊಂಡು ನಿಂತು, "ಮಂದಿ ಮಾರಿ ಮ್ಯಾಲ ಬೆಳಕು ಬಿಡಬಾರದು" ಎಂದರು. ಮುಖಕ್ಕೆ ನಮ್ಮ ಕಡೆ ಮಾರಿ ಎನ್ನುತ್ತಾರೆ.

ಅಂದು ಊಟಕ್ಕೆ ಕೂತಾಗ ಪೂರ್ತಿ ಪಾಠವಾಯಿತು. ವಿಮಾನ ಇಳಿದ ಮೇಲೆ ನೆಲದ ಮೇಲೆ ಉರುಳಿಕೊಂಡು ಬರುತ್ತದಲ್ಲ, ಆಗ ಅದರ ಮೂಗಿನ ಕೆಳಗೆ ಒಂದು ದೊಡ್ಡ ಲೈಟ್ ಉರಿಯುತ್ತಿರುತ್ತದೆ. ಎದುರಿಗೆ ಇನ್ನೊಂದು ವಿಮಾನ ಬಂದರೆ ಒಳ್ಳೆಯ ಪೈಲಟ್ ನಿಂತು, ತನ್ನ ಲೈಟ್ ಆರಿಸುತ್ತಾನೆ. ನಿನ್ನನ್ನು ನೋಡಿದೆ, ನೀನು ಮೊದಲು ಹೋಗು ಎಂದು ಅದರ ಅರ್ಥ. ರೆಕ್ಕೆಯ ತುದಿಯಲ್ಲಿ ಫಳಫಳ ಹೊಡೆಯುವ ಬಿಳಿ ಲೈಟನ್ನು ರನ್‌ವೇ ಮುಟ್ಟುವವರೆಗೆ ಹಾಕುವುದಿಲ್ಲ, ಸುತ್ತಲಿನವರ ಕಣ್ಣು ಕುಕ್ಕುತ್ತದೆ. ಇಂಜಿನ್ ಶುರು ಮಾಡುವ ಮೊದಲು ಹೊಟ್ಟೆಯ ಕೆಂಪು ಲೈಟ್ ಹಾಕುತ್ತಾನೆ, ಹತ್ತಿರ ಇದ್ದವರು ದೂರ ಸರಿಯಲಿ ಎಂದು. ಕೊನೆಗೆ ನಿಲ್ಲುವ ಜಾಗಕ್ಕೆ ತಿರುಗುವಾಗ ಎದುರಿಗೆ ಎರಡು ಬೆಳಕಿನ ಕೋಲು ಹಿಡಿದು ಒಬ್ಬ ನಿಂತಿರುತ್ತಾನೆ. ಅಂದರೆ ನಮ್ಮವರು. ಅವನ ಮುಖಕ್ಕೆ ಬೀಳುವ ಮೊದಲೇ ಮೂಗಿನ ಲೈಟ್ ಆರಿಸಬೇಕು.

ಇದೆಲ್ಲ ಎಲ್ಲಿ ಬರೆದಿದೆ ಎಂದು ಕೇಳಿದೆ. "ಬರೆದಿದ್ದು ಸ್ವಲ್ಪ ಅದ. ಉಳಿದಿದ್ದು ಮರ್ಯಾದಿ" ಎಂದರು.

ಅಂದಿನಿಂದ ಕರೆಂಟ್ ಹೋದಾಗಲೆಲ್ಲ ನಾನು ತಲೆ ತಗ್ಗಿಸಿ, ಟಾರ್ಚನ್ನು ಅವರ ಪಾದಕ್ಕೆ ಬಿಟ್ಟು ಬಾಗಿಲು ತೆರೆಯುತ್ತಿದ್ದೆ. ಎದುರು ಮನೆಯ ಓನರಮ್ಮ ಇದನ್ನು ಜಗುಲಿಯಿಂದ ನೋಡುತ್ತಿದ್ದರಂತೆ. ಒಂದು ದಿನ ತಮ್ಮ ಇಬ್ಬರು ಸೊಸೆಯಂದಿರನ್ನು ಸಾಲಾಗಿ ನಿಲ್ಲಿಸಿಕೊಂಡು ಹೇಳುವುದು ಕೇಳಿಸಿತು. "ನೋಡ್ರೇ, ಟೀಚರ್ ಆಗಿ ಸಂಬಳ ತರ್ತಾಳೆ. ಆದ್ರೂ ಗಂಡ ಮನೆಗೆ ಬಂದ್ರೆ ದೀಪ ಹಿಡ್ಕೊಂಡು ಪಾದ ನೋಡೇ ಒಳಗೆ ಕರ್ಕೊಳ್ಳೋದು."

ಆ ಸೊಸೆಯಂದಿರು ನನ್ನ ಜೊತೆ ಮೂರು ತಿಂಗಳು ಮಾತು ಬಿಟ್ಟರು.

ಗಟ್ಟಿಮೇಳ

ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟರ ಮಗಳ ಮದುವೆ, ಶಿವಾಜಿನಗರದ ಒಂದು ಛತ್ರದಲ್ಲಿ. ನಮಗೆ ಮುಂದಿನ ಸಾಲಿನಲ್ಲೇ ಕುರ್ಚಿ ಸಿಕ್ಕಿತು. ನಮ್ಮವರು ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು, ಕೂತಲ್ಲೇ ತೂಕಡಿಸುತ್ತಿದ್ದರು.

ಮುಹೂರ್ತ ಹತ್ತಿರವಾಗುತ್ತಿತ್ತು. ವಿಡಿಯೊದವನು ತಲೆಯ ಮೇಲೆ ದೊಡ್ಡ ಲೈಟ್ ಎತ್ತಿ ಹಿಡಿದು ಅತಿಥಿಗಳ ಕಡೆಗೆ ತಿರುಗಿದ, ನಿಧಾನವಾಗಿ ಮುಂದೆ ಬರತೊಡಗಿದ. ಬೆಳಕು ಮುಖಕ್ಕೆ ಬಿದ್ದದ್ದೇ ತಡ, ನಮ್ಮವರು ಅರೆನಿದ್ದೆಯಲ್ಲೇ ಎದ್ದು ನಿಂತು, ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಅಡ್ಡಡ್ಡ ಹಿಡಿದರು. ಅವರ ಕೆಲಸದಲ್ಲಿ ಅದಕ್ಕೆ ನಿಲ್ಲು ಎಂದು ಅರ್ಥ. ವಿಡಿಯೊದವನು ನಿಂತ.

ಆದರೆ ವಾಲಗದವರು ಯಾರು ಕೈ ಎತ್ತುತ್ತಾರೆ ಎಂದು ಕಾಯುತ್ತಲೇ ಕೂತಿದ್ದರು. ಗಟ್ಟಿಮೇಳ ಶುರುವಾಗಿಯೇ ಹೋಯಿತು. ಗಟ್ಟಿಮೇಳ ಕೇಳಿದ ಮೇಲೆ ಜನ ಯೋಚಿಸುವುದಿಲ್ಲ, ನಾನ್ನೂರು ಜನರ ಅಕ್ಷತೆ ಒಂದೇ ಸಲಕ್ಕೆ ಹಾರಿತು. ಪುರೋಹಿತರು ಇನ್ನೂ ತಾಳಿಯ ತಟ್ಟೆಯನ್ನು ಹಿರಿಯರಿಗೆ ಮುಟ್ಟಿಸುತ್ತಿದ್ದರು. ಅವರು ಅಕ್ಷತೆಯ ಮಳೆಯಲ್ಲಿ ನಿಂತು, ಯಾರ್ರೀ ಅದು ಕೈ ಎತ್ತಿದ್ದು ಎಂದು ಮೈಕಿನಲ್ಲೇ ಕೇಳಿದರು. ನಮ್ಮವರು ಎತ್ತಿದ ಕೈಯಿಂದ ತಲೆ ಕೆರೆದುಕೊಂಡು ಕೂತರು. ನಾನು ಪಕ್ಕದ ಕುರ್ಚಿಗೆ ಸರಿದೆ.

ಆ ಮದುವೆಯ ವಿಡಿಯೊ ನಮ್ಮ ಸ್ಟಾಫ್ ರೂಮಿನಲ್ಲಿ ಬಹಳ ದಿನ ಓಡಾಡಿತು. ಅದರಲ್ಲಿ ಅಕ್ಷತೆ ಎರಡು ಸಲ ಬೀಳುತ್ತದೆ, ತಾಳಿ ಒಂದೇ ಸಲ.

ಇಬ್ಬರು ಮರ್ಯಾದಸ್ಥರು

ಸ್ಕೂಟರ್ ಓಡಿಸುವಾಗಲೂ ಅವರದು ವಿಮಾನದ ನಿಯಮವೇ. ಓಣಿಯಲ್ಲಿ ಎದುರಿನಿಂದ ಗಾಡಿ ಬಂದರೆ ಪಕ್ಕಕ್ಕೆ ನಿಲ್ಲಿಸಿ ಹೆಡ್‌ಲೈಟ್ ಆರಿಸುತ್ತಿದ್ದರು. ಬೆಂಗಳೂರಿನಲ್ಲಿ ಇದನ್ನು ಅರ್ಥ ಮಾಡಿಕೊಂಡ ಒಬ್ಬನನ್ನೂ ನಾನು ನೋಡಿಲ್ಲ. ಗಾಡಿ ಕೆಟ್ಟಿದೆಯೇ ಎಂದು ಕೇಳಿದವರೇ ಹೆಚ್ಚು. ಒಬ್ಬರು ಆಟೊದವರಂತೂ ಇಳಿದು ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಒರೆಸಿಯೇ ಕೊಟ್ಟರು. ಬೇಡ ಎನ್ನುವುದು ಮರ್ಯಾದೆಯಲ್ಲ ಎಂದು ನಮ್ಮವರು ಒರೆಸಲು ಬಿಟ್ಟರು.

ಒಮ್ಮೆ ಕೆ.ಆರ್. ಪುರದಲ್ಲಿ ನಮ್ಮೂರಿನವರ ಮನೆಗೆ ಹೋಗುತ್ತಿದ್ದೆವು. ಸಂತೆ ಬೀದಿಯ ಹಿಂದಿನ ಓಣಿ, ಮುಸ್ಸಂಜೆ. ಒಂದು ಕಡೆ ಚರಂಡಿ ಅಗೆದಿದ್ದರು, ಒಂದು ಗಾಡಿ ಮಾತ್ರ ಹೋಗುವಷ್ಟು ದಾರಿ. ಆ ತುದಿಯಲ್ಲಿ ಒಂದು ಸ್ಕೂಟರ್ ಕಾಣಿಸಿತು. ನಮ್ಮವರು ಈ ತುದಿಯಲ್ಲಿ ನಿಂತು ಲೈಟ್ ಆರಿಸಿದರು. ಆ ಸ್ಕೂಟರೂ ನಿಂತಿತ್ತು, ಅದರ ಲೈಟೂ ಆರಿತ್ತು.

ನಮ್ಮವರಿಗಾದ ಸಂತೋಷ ಹೇಳತೀರದು. "ನೋಡು ಅಕ್ಕೋರ, ಊರಾಗ ಒಬ್ಬರಾದರೂ ಅದಾರ" ಎಂದರು. ಟೀಚರನ್ನು ನಮ್ಮ ಕಡೆ ಅಕ್ಕೋರು ಎಂದು ಕರೆಯುತ್ತಾರೆ, ಅವರು ನನ್ನನ್ನು ಮನೆಯಲ್ಲೂ ಹಾಗೇ ಕರೆಯುತ್ತಿದ್ದರು. ಅವರು ಮೊದಲು ಹೋಗಲಿ ಎಂದು ಕಾದೆವು. ಅವರು ಹೋಗಲಿಲ್ಲ. ನಮ್ಮ ಹಿಂದೆ ಒಂದು ಆಟೊ, ಅದರ ಹಿಂದೆ ಸೊಪ್ಪಿನ ಗಾಡಿ ಬಂದು ನಿಂತವು. ಹಾರ್ನ್ ಶುರುವಾಯಿತು. ನೀವೇ ಹೋಗಿ ಎಂದೆ. ಅವರು ಬಿಟ್ಟುಕೊಟ್ಟ ಮೇಲೆ ನಾವು ನುಗ್ಗಿದರೆ ಏನು ತಿಳಿದುಕೊಳ್ಳುತ್ತಾರೆ ಎಂದು ಇವರು.

ಕೊನೆಗೆ ನಾನೇ ಇಳಿದು, ಚರಂಡಿಯ ಮಣ್ಣಿನ ಮೇಲೆ ಸೀರೆ ಎತ್ತಿಕೊಂಡು ನಡೆದು ಆ ತುದಿಗೆ ಹೋದೆ. ಸ್ಕೂಟರಿನ ಮೇಲೆ ವಯಸ್ಸಾದ ಒಬ್ಬರು ಕೂತಿದ್ದರು. ನೀವು ಮೊದಲು ಬನ್ನಿ ಸರ್, ನಮ್ಮವರು ನಿಮಗೋಸ್ಕರ ಲೈಟ್ ಆರಿಸಿದ್ದಾರೆ ಎಂದೆ.

"ಅಯ್ಯೋ, ಅದನ್ನ ಹಾಕೋಕ್ಕೆ ಹೇಳಮ್ಮ" ಎಂದರು. "ನನ್ನ ಬಲ್ಬ್ ಹೋಗಿ ಒಂದು ವಾರ ಆಯ್ತು. ಆ ಬೆಳಕಲ್ಲಿ ದಾಟ್ಕೊಳ್ಳೋಣ ಅಂತ ಕಾಯ್ತಾ ಇದ್ದೆ."

ಕೆಂಪು ಇಂಕು

ಈಗ ಕ್ಯಾಪ್ಟನ್ ವಿಷಯ.

ಬೆಳಕು ಹರಿಯುವ ಮೊದಲು ಬಂದಿಳಿಯುವ ಒಂದು ವಿಮಾನವಿತ್ತು. ಅದನ್ನು ವಾರಕ್ಕೆ ಎರಡು ಮೂರು ದಿನ ತರುತ್ತಿದ್ದ ಒಬ್ಬ ಕ್ಯಾಪ್ಟನ್ ಬೇರೆಯವರ ಹಾಗೆ ಹತ್ತಿರ ಬಂದ ಮೇಲೆ ಲೈಟ್ ಆರಿಸುತ್ತಿರಲಿಲ್ಲ. ದೂರದಲ್ಲಿ, ತಿರುವಿನಲ್ಲೇ ಆರಿಸಿಬಿಡುತ್ತಿದ್ದರು. ಅದು ತಾನು ನಿಂತ ದಿನ ಮಾತ್ರ ಎಂದು ನಮ್ಮವರ ವಾದ. ಬೇರೆ ಯಾರು ಕೋಲು ಹಿಡಿದರೂ ಆ ಲೈಟ್ ಮಾಮೂಲಿನಂತೆ ಕೊನೆಯಲ್ಲಿ ಆರುತ್ತದಂತೆ.

ನಾನು ಗಣಿತದ ಟೀಚರ್. ಎಲ್ಲರೂ ಹಾಕುವುದು ಒಂದೇ ಜಾಕೆಟ್ಟು, ಒಂದೇ ಟೋಪಿ, ಕಿವಿಗೆ ಒಂದೇ ದಪ್ಪ ಮುಚ್ಚಳ. ಎರಡು ಮಹಡಿ ಎತ್ತರದಲ್ಲಿ, ಗಾಜಿನ ಹಿಂದೆ, ಕತ್ತಲಲ್ಲಿ ಕೂತ ಮನುಷ್ಯನಿಗೆ ಇವರು ಇವರೇ ಎಂದು ಹೇಗೆ ಗೊತ್ತಾಗಬೇಕು? ಬಾಯಿಮಾತು ಬೇಡ, ಬರೆದುಕೊಂಡು ಬನ್ನಿ ಎಂದೆ. ನನ್ನದೇ ಒಂದು ಹಾಳೆಯಲ್ಲಿ ಗೆರೆ ಹಾಕಿ ಕೊಟ್ಟೆ. ತಾರೀಖು, ಕೋಲು ಹಿಡಿದವರು ಯಾರು, ಲೈಟ್ ಆರಿದ್ದು ಎಲ್ಲಿ.

ಒಂದು ತಿಂಗಳು ತುಂಬಿಸಿ ತಂದರು. ತಾವು ನಿಂತ ಪ್ರತಿ ದಿನಕ್ಕೂ ತಿರುವು ಎಂದು ಬರೆದಿದ್ದರು. ಬೇರೆಯವರು ನಿಂತ ದಿನಗಳ ಸಾಲು ಖಾಲಿ. ಇದೇನು ಎಂದೆ. "ಆ ದಿನ ನನಗ ರಜಾ ಇತ್ತಲ್ಲ, ಹೆಂಗ ನೋಡಲಿ?" ಎಂದರು.

ನಾನು ನಕ್ಕೆ. ನಕ್ಕು, ಮಕ್ಕಳ ಪೇಪರ್ ತಿದ್ದುತ್ತಿದ್ದ ಕೆಂಪು ಪೆನ್ನಿನಲ್ಲೇ ಹಾಳೆಯ ತುದಿಗೆ ಸಾಕ್ಷಿ ಸಾಲದು ಎಂದು ಬರೆದು ಸಹಿ ಮಾಡಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಅಕ್ಕೋರ, ಗ್ರೇಸ್ ಮಾರ್ಕ್ಸ್ ಕೊಟ್ಟಾರ ಪಾಸ್ ಮಾಡ್ರೀ" ಎಂದರು.

ಕೊಡಲಿಲ್ಲ. ನನ್ನ ಸರ್ವಿಸಿನಲ್ಲಿ ಗ್ರೇಸ್ ಮಾರ್ಕ್ಸ್ ಕೇಳಿ ಸಿಗದೆ ಹೋದರೂ ಮರುದಿನ ನನಗೆ ಕಾಫಿ ಮಾಡಿಕೊಟ್ಟ ವಿದ್ಯಾರ್ಥಿ ಅವರೊಬ್ಬರೇ.

ಸಿಲಿಂಡರಿನವರು

ಅವರು ಹೋಗಿ ಎರಡು ವಾರವಾಗಿತ್ತು. ಬಂದವರೆಲ್ಲ ಹೊರಟು ಹೋಗಿದ್ದರು. ಒಬ್ಬರಿಗೆ ಅನ್ನ ಮಾಡುವುದು ನನಗೆ ಇನ್ನೂ ಅಳತೆಗೆ ಬಂದಿರಲಿಲ್ಲ. ಎರಡು ಹಿಡಿ ಅಕ್ಕಿ ಸಾಲದು, ಮೂರಾದರೆ ಉಳಿಯುತ್ತದೆ. ಎರಡೂವರೆ ಹಿಡಿ ಎಂಬುದು ಭಿನ್ನರಾಶಿಯಲ್ಲಿ ಇರುತ್ತದೆ, ಕೈಯಲ್ಲಿ ಇರುವುದಿಲ್ಲ.

ಒಂದು ಸಂಜೆ ಕರೆಂಟ್ ಹೋಯಿತು, ಬಾಗಿಲು ತಟ್ಟಿದ ಸದ್ದಾಯಿತು. ಎದ್ದೆ, ಟಾರ್ಚ್ ತೆಗೆದುಕೊಂಡೆ, ತಲೆ ತಗ್ಗಿಸಿ ಬಾಗಿಲು ತೆರೆದು ಬೆಳಕನ್ನು ಪಾದಕ್ಕೆ ಬಿಟ್ಟೆ. ರಬ್ಬರ್ ಚಪ್ಪಲಿ ಹಾಕಿದ ಬೇರೆ ಯಾರದೋ ಪಾದ. ನಾನು ಬೆಳಕು ತೆಗೆಯದೆ ನೋಡುತ್ತಲೇ ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ.

ಗ್ಯಾಸ್ ಸಿಲಿಂಡರ್ ಹೊತ್ತು ತಂದವರು ಅವರು. ಹೆಗಲ ಮೇಲಿನ ಸಿಲಿಂಡರ್ ಇಳಿಸಿ, ಒಂದೊಂದಾಗಿ ಎರಡೂ ಚಪ್ಪಲಿ ಬಿಟ್ಟು, ಕೊಳಾಯಿಯ ಹತ್ತಿರ ಹೋಗಿ ಕಾಲು ತೊಳೆದುಕೊಂಡು ಬಂದರು. ಮತ್ತೆ ಟಾರ್ಚಿನ ಬೆಳಕಿನಲ್ಲಿ ಪಾದಗಳನ್ನು ಮುಂದಕ್ಕೆ ಚಾಚಿ, "ಈಗ ಸಾಕಾ ಅಮ್ಮ?" ಎಂದು ಕೇಳಿದರು.

ಬನ್ನಿ ಬನ್ನಿ

ನಮ್ಮವರ ಜೊತೆ ಪಾಳಿ ಮಾಡುತ್ತಿದ್ದ ಸಹೋದ್ಯೋಗಿ ಒಬ್ಬರು ಆಗಾಗ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಅವರನ್ನು ಕೇಳಿದೆ. ಬೆಳಗಿನ ವಿಮಾನದ ಆ ಕ್ಯಾಪ್ಟನ್ ಯಾರು, ನಮ್ಮವರು ಯಾರೆಂದು ಅವರಿಗೆ ಗೊತ್ತಿತ್ತೇ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳಿ, ನನಗಾಗಿ ಏನೂ ಸೇರಿಸಬೇಡಿ ಎಂದೆ. ಅವರು ಒಂದು ವಾರ ಬಿಟ್ಟು ಬಂದು, ಕ್ಯಾಪ್ಟನ್ ಸಾಹೇಬರಿಗೆ ವಿಷಯ ಮುಟ್ಟಿಸಿದೆ, ಶನಿವಾರ ಸಂಜೆ ತಾವೇ ಬರುತ್ತಾರಂತೆ ಎಂದರು. ಬೇರೇನು ಹೇಳಿದರು ಎಂದೆ. ಮನೆ ಅಡ್ರೆಸ್ ಬರೆದುಕೊಂಡರು, ಅಷ್ಟೇ ಎಂದರು.

ಶನಿವಾರ ಮುಸ್ಸಂಜೆ ಸರಿಯಾಗಿ ಕರೆಂಟ್ ಹೋಯಿತು. ನಮ್ಮ ಮನೆ ಇರುವ ಓಣಿ ಮುಂದಕ್ಕೆ ದಾರಿಯಿಲ್ಲದ್ದು. ಗೇಟಿನ ಒಂದು ಪಕ್ಕ ಲೈಟ್ ಕಂಬ, ಇನ್ನೊಂದು ಪಕ್ಕ ಓನರಮ್ಮನ ನೀಲಿ ನೀರಿನ ಡ್ರಮ್. ನಡುವೆ ಒಂದು ಕಾರು ನಿಲ್ಲಬಹುದು. ಓಣಿಯ ತುದಿಯಲ್ಲಿ ಒಂದು ಕಾರು ತಿರುಗಿದ್ದು ಕಾಣಿಸಿತು. ನಾನು ಗೇಟಿನ ಎದುರು ನಿಂತು, ಮನೆಗೆ ಬಂದವರನ್ನು ಎಲ್ಲರೂ ಕರೆಯುವ ಹಾಗೆ ಎರಡೂ ಕೈಯಲ್ಲಿ ಬನ್ನಿ ಬನ್ನಿ ಎಂದು ಕರೆದೆ.

ಕಾರಿನ ಹೆಡ್‌ಲೈಟ್ ಆರಿತು.

ಕಾರು ಬರುತ್ತಲೇ ಇತ್ತು, ತೀರ ನಿಧಾನವಾಗಿ, ನೆಟ್ಟಗೆ. ನಾನು ಕರೆಯುತ್ತಲೇ ಇದ್ದೆ. ಧಡ್ ಎಂದು ಸದ್ದಾಯಿತು. ಡ್ರಮ್ ಉರುಳಿ ನೀರೆಲ್ಲ ಓಣಿಗೆ ನುಗ್ಗಿತು.

ನೆರೆಗೂದಲಿನ ಒಬ್ಬರು ಇಳಿದು ಬಂದರು. ಬೆನ್ಸನ್ ಟೌನಿನವರು, ಕಂಟೋನ್ಮೆಂಟಿನ ಕನ್ನಡ. "ಸಾರಿ ಮೇಡಂ. ನೀವು ಕಮ್ ಅಹೆಡ್ ಸಿಗ್ನಲ್ ಕೊಡ್ತಾ ಇದ್ರಿ. ಸ್ಟಾಪ್ ಕೊಡಲೇ ಇಲ್ಲ" ಎಂದರು.

ಡ್ರಮ್ ಕಾಣಿಸಲಿಲ್ಲವೇ ಎಂದೆ.

"ಹೇಗೆ ಕಾಣ್ಸುತ್ತೆ ಮೇಡಂ? ಲೈಟ್ ಆಫ್ ಮಾಡಿದ್ನಲ್ಲ."

ಏಕೆ ಆಫ್ ಮಾಡಿದಿರಿ ಎಂದು ನಾನು ಕೇಳಲಿಲ್ಲ. ಆ ಕತ್ತಲಲ್ಲಿ ಕಾರಿನ ಎದುರಿಗೆ ನಿಂತಿದ್ದವಳು ನಾನೇ.

ಒಳಗೆ ಕೂರಿಸಿ, ಮೇಣದಬತ್ತಿ ಹಚ್ಚಿ ಕಾಫಿ ಕೊಟ್ಟೆ. ಅವರ ಪ್ಯಾಂಟಿನ ತುದಿ ಒದ್ದೆಯಾಗಿತ್ತು. ನಾನು ಸುತ್ತಿ ಬಳಸದೆ, ನಮ್ಮವರು ಯಾರು ಅಂತ ನಿಮಗೆ ಗೊತ್ತಿತ್ತೇ ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟರು. "ಹೆಸರು ಗೊತ್ತಿಲ್ಲ ಮೇಡಂ. ಮುಖಾನೂ ನೋಡಿಲ್ಲ. ಮೇಲಿಂದ ಎರಡು ಸ್ಟಿಕ್ ಕಾಣ್ಸುತ್ತೆ, ಅಷ್ಟೇ."

ನಾನು ತಲೆಯಾಡಿಸಿದೆ. ಹಾಗಾದರೆ ನನ್ನ ಲೆಕ್ಕ ಸರಿ. ಅದು ಸರಿಯಾಗಿರುವುದು ನನಗೆ ಬೇಕಿರಲಿಲ್ಲ.

"ಆದ್ರೆ ಅವರು ಸ್ಟಾಪ್ ಕೊಟ್ಟ ಮೇಲೆ," ಎಂದು ಕ್ಯಾಪ್ಟನ್ ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದು, ನಿಧಾನವಾಗಿ ಎದೆಯವರೆಗೆ ಇಳಿಸಿ, ಅಂಗೈ ಜೋಡಿಸಿದರು. "ಎರಡು ಸ್ಟಿಕ್ಕೂ ಸೇರ್ಸಿ ಹಿಂಗೆ ನಮಸ್ಕಾರ ಮಾಡ್ತಿದ್ರು. ಎಷ್ಟೋ ಊರು ನೋಡಿದೀನಿ, ಬೇರೆ ಯಾರೂ ಮಾಡಲ್ಲ. ನಾನು ವಾಪಸ್ ಮಾಡಿದ್ರೆ ಅವರಿಗೆ ಕಾಣ್ಸಲ್ಲ, ಒಳಗೆಲ್ಲ ಕತ್ತಲು. ಅದಕ್ಕೇ ತಿರುಗುವಾಗ್ಲೇ ಲೈಟ್ ಆಫ್ ಮಾಡ್ತಿದ್ದೆ. ಅವರ ಡ್ಯೂಟಿ ಅಂತ ಕೈ ಆಡ್ಸೋ ರೀತೀಲೇ ಗೊತ್ತಾಗೋದು. ಆವತ್ತೂ ಮಾಡಿದೆ ಮೇಡಂ, ಬುಧವಾರ."

ಆ ನಮಸ್ಕಾರದ ವಿಷಯ ನನಗೆ ಗೊತ್ತಿರಲಿಲ್ಲ. ಹದಿನೇಳು ವರ್ಷದಲ್ಲಿ ಒಂದು ದಿನವೂ ಹೇಳಿರಲಿಲ್ಲ. ಅವರಿಗೂ ಅದು ಹೇಳುವಂಥ ವಿಷಯ ಎನಿಸಿರಲಿಕ್ಕಿಲ್ಲ. ನಾನು ಹೆಸರು ಹೇಳಿದೆ. ಕ್ಯಾಪ್ಟನ್ ಅದನ್ನು ಒಂದು ಸಲ ತಾವೇ ಹೇಳಿಕೊಂಡು ನೋಡಿದರು.

ಹೊರಡಲು ಎದ್ದಾಗ ಓಣಿ ಇನ್ನೂ ಒದ್ದೆ. ಕಾರನ್ನು ಹಿಮ್ಮುಖವಾಗಿ ತುದಿಯವರೆಗೂ ತೆಗೆಯಬೇಕಿತ್ತು. ಓನರಮ್ಮ ಇಬ್ಬರು ಸೊಸೆಯಂದಿರ ಸಮೇತ ಜಗುಲಿಗೆ ಬಂದು, ಉರುಳಿದ ಡ್ರಮ್ಮಿಗೂ ನನಗೂ ನಡುವೆ ದೃಷ್ಟಿ ಹಾಯಿಸುತ್ತ ನಿಂತಿದ್ದರು. ಬೀಳ್ಕೊಡಬೇಕಲ್ಲ ಎಂದು ನಾನೂ ಕಾರಿನ ಹಿಂದೆ ಹೋಗಿ ನಿಂತೆ. ಕ್ಯಾಪ್ಟನ್ ಕಾರಿನಲ್ಲಿ ಕೂತವರು ಮತ್ತೆ ಇಳಿದು ನನ್ನ ಹತ್ತಿರ ಬಂದರು. ಧ್ವನಿ ತಗ್ಗಿಸಿ, ಬಹಳ ಗೌರವದಿಂದ ಹೇಳಿದರು.

"ಒಂದು ರಿಕ್ವೆಸ್ಟ್ ಮೇಡಂ. ನಾನು ಹೋಗೋವರೆಗೂ ನೀವು ದಯವಿಟ್ಟು ಕೈ ಕಟ್ಕೊಂಡು ಒಳಗೇ ನಿಂತಿರಿ. ಟಾಟಾನೂ ಮಾಡ್ಬೇಡಿ."

ನಾನು ಜೋರಾಗಿ ನಕ್ಕೆ. ಜಗುಲಿಯ ಮೇಲಿದ್ದ ಮೂವರೂ ತಿರುಗಿ ನೋಡಿದರು.

ಅವರು ಹೋಗಿ ಅದು ಮೂವತ್ತೊಂಬತ್ತನೆಯ ದಿನ.